ಕಂಪನಿ ಮುಳುಗಿತು, ಪೇಟೆ ಉಳಿಯಿತು: 1866ರ ಲಂಡನ್ ಬಿಕ್ಕಟ್ಟಿನ ಒಂದು ಅಧ್ಯಯನ

1866ರ ಮೇ 10, ಗುರುವಾರ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಲಂಡನ್ನಿನ ಹಣದ ಪೇಟೆಯಾದ ಲೊಂಬಾರ್ಡ್ ಸ್ಟ್ರೀಟಿನಲ್ಲಿ ಸುದ್ದಿ ಹಬ್ಬಿತು. ಓವರೆಂಡ್, ಗರ್ನಿ ಅಂಡ್ ಕಂಪನಿ ಹಣ ಪಾವತಿ ನಿಲ್ಲಿಸಿದೆ. ಬ್ಯಾಂಕ್ ಆಫ್ ಇಂಗ್ಲೆಂಡ್ ಬಿಟ್ಟರೆ ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ನಂಬಿಕೆ ಗಳಿಸಿದ್ದ ಹಣಕಾಸು ಸಂಸ್ಥೆ ಅದು. ಕೊಡಬೇಕಾಗಿದ್ದ ಬಾಕಿ 1 ಕೋಟಿ ಪೌಂಡಿಗಿಂತ ಜಾಸ್ತಿ. ಸಹಾಯ ಕೇಳಿ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಹೋಗಿದ್ದರು. ಬ್ಯಾಂಕಿನವರು ಲೆಕ್ಕ ನೋಡಿ ಆಗುವುದಿಲ್ಲ ಎಂದರು. ಮಾರನೆಯ ದಿನ, ಶುಕ್ರವಾರ, ಅದೇ ಬ್ಯಾಂಕ್ ಆಫ್ ಇಂಗ್ಲೆಂಡ್ ಬಾಗಿಲು ತೆರೆದು ಒಂದೇ ದಿನದಲ್ಲಿ ಸುಮಾರು 40 ಲಕ್ಷ ಪೌಂಡ್ ಸಾಲ ಕೊಟ್ಟಿತು.

ಒಂದು ದಿನ ಇಲ್ಲ, ಮರುದಿನ ಕೇಳಿದವರಿಗೆಲ್ಲ ಸಾಲ. ಮೊದಲ ನೋಟಕ್ಕೆ ಇದು ಗೊಂದಲದ ಹಾಗೆ ಕಾಣುತ್ತದೆ. ಆದರೆ ಈ ಎರಡು ದಿನಗಳನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಹಣಕಾಸು ಬಿಕ್ಕಟ್ಟಿನ ಬಗ್ಗೆ ಬಹಳಷ್ಟು ತಿಳಿಯುತ್ತದೆ ಅಂತ ನನಗೆ ಅನ್ನಿಸಿದೆ.

ಬ್ಯಾಂಕ್ ಮುಳುಗಿದಾಗಲೆಲ್ಲ ನಾವು ಆಡುವ ಜಗಳ ಒಂದೇ. ಸರ್ಕಾರ ಅದನ್ನು ಉಳಿಸಬೇಕಿತ್ತಾ, ಬಿಡಬೇಕಿತ್ತಾ? ಈ ಜಗಳದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗುತ್ತವೆ. ಕೆಟ್ಟ ಸಾಲ ಅಷ್ಟೊಂದು ಬೆಳೆದದ್ದು ಯಾಕೆ ಎಂಬುದು ಒಂದು. ಗಾಬರಿ ಹಬ್ಬಿದ ದಿನ ಏನು ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹುಡುಕಿದ ಚಿಂತಕರೇ ಬೇರೆ, ಎರಡನೆಯದಕ್ಕೆ ಹುಡುಕಿದವರೇ ಬೇರೆ. ಒಬ್ಬರ ಉತ್ತರವನ್ನು ಇನ್ನೊಬ್ಬರ ಪ್ರಶ್ನೆಗೆ ಅಂಟಿಸಿದಾಗಲೇ ತಪ್ಪು ತೀರ್ಮಾನಗಳು ಹುಟ್ಟುವುದು. 1866ರ ಪ್ರಕರಣದಲ್ಲಿ ಎರಡೂ ಪ್ರಶ್ನೆಗಳು ಒಂದರ ಪಕ್ಕ ಒಂದು ಸ್ಪಷ್ಟವಾಗಿ ನಿಂತಿವೆ. ಅದಕ್ಕೇ ಇದನ್ನು ಆರಿಸಿಕೊಂಡಿದ್ದೇನೆ.

ಹುಂಡಿಯ ವ್ಯಾಪಾರ

ಗರ್ನಿಗಳು ನಾರ್ವಿಚ್ ಊರಿನ ಕ್ವೇಕರ್ ಪಂಥದ ಮನೆತನ. ಅಲ್ಲಿ ಅವರ ಬ್ಯಾಂಕ್ ಇತ್ತು. ಆ ಮನೆಯ ಸ್ಯಾಮ್ಯುಯೆಲ್ ಗರ್ನಿ 1807ರ ಸುಮಾರಿಗೆ ಲಂಡನ್ನಿನ ಒಂದು ಹುಂಡಿ ದಲ್ಲಾಳಿ ಸಂಸ್ಥೆ ಸೇರಿದ. ಮುಂದೆ ಅದೇ ಓವರೆಂಡ್, ಗರ್ನಿ ಆಯಿತು.

ಹುಂಡಿ ವ್ಯಾಪಾರ ಹೇಗೆ ನಡೆಯುತ್ತಿತ್ತು ಎಂದು ಸ್ವಲ್ಪ ನೋಡೋಣ. ಒಬ್ಬ ನೂಲಿನ ವ್ಯಾಪಾರಿ ಸರಕು ಕೊಂಡ. ಮೂರು ತಿಂಗಳಲ್ಲಿ ಹಣ ಕೊಡುತ್ತೇನೆ ಎಂದು ಹುಂಡಿಗೆ ಸಹಿ ಹಾಕಿದ. ಸರಕು ಮಾರಿದವನಿಗೆ ಮೂರು ತಿಂಗಳು ಕಾಯಲು ಆಗುವುದಿಲ್ಲ. ಅವನು ಹುಂಡಿಯನ್ನು ದಲ್ಲಾಳಿಗೆ ಕೊಡುತ್ತಾನೆ. ದಲ್ಲಾಳಿ ಸ್ವಲ್ಪ ಸೋಡಿ ಮುರಿದುಕೊಂಡು ಈಗಲೇ ಹಣ ಕೊಡುತ್ತಾನೆ. ದಲ್ಲಾಳಿಗೆ ಆ ಹಣ ಎಲ್ಲಿಂದ ಬರುತ್ತದೆ? ಹಳ್ಳಿಗಾಡಿನ ಬ್ಯಾಂಕುಗಳು, ಲಂಡನ್ನಿನ ಬ್ಯಾಂಕುಗಳು ತಮ್ಮ ಬಳಿ ಸುಮ್ನೆ ಕೂತಿದ್ದ ಹಣವನ್ನು ಅವನ ಹತ್ತಿರ ಇಡುತ್ತಿದ್ದವು. ಕೇಳಿದ ತಕ್ಷಣ ವಾಪಸ್ ಕೊಡಬೇಕು, ಅದು ಷರತ್ತು. ಅಂದರೆ ದಲ್ಲಾಳಿ ತೆಗೆದುಕೊಂಡದ್ದು ಈ ಕ್ಷಣಕ್ಕೆ ವಾಪಸ್ ಕೇಳಬಹುದಾದ ಹಣ, ಕೊಟ್ಟದ್ದು ಮೂರು ತಿಂಗಳ ಸಾಲ. ಹುಂಡಿ ಒಳ್ಳೆಯದಾಗಿದ್ದರೆ ಇದರಲ್ಲಿ ತೊಂದರೆ ಇಲ್ಲ. ದಿನವೂ ಒಂದಿಷ್ಟು ಹುಂಡಿಗಳ ಗಡುವು ಮುಗಿದು ಹಣ ಬರುತ್ತಲೇ ಇರುತ್ತದೆ.

ಸ್ಯಾಮ್ಯುಯೆಲ್ ಗರ್ನಿಯ ಶಕ್ತಿ ಇದ್ದದ್ದು ಹುಂಡಿ ನೋಡಿ ಮನುಷ್ಯನನ್ನು ಅಳೆಯುವುದರಲ್ಲಿ. ಯಾರ ಸಹಿ ಗಟ್ಟಿ, ಯಾರದು ಪೊಳ್ಳು ಎಂಬುದು ಅವನಿಗೆ ಗೊತ್ತಿತ್ತು. 1825ರ ದೊಡ್ಡ ಗಾಬರಿಯಲ್ಲಿ ಇಂಗ್ಲೆಂಡಿನ ಹತ್ತಾರು ಬ್ಯಾಂಕುಗಳು ಮುಚ್ಚಿದವು. ಗರ್ನಿಯ ಸಂಸ್ಥೆ ಮಾತ್ರ ಇನ್ನಷ್ಟು ಎತ್ತರಕ್ಕೆ ಏರಿತು. ಬ್ಯಾಂಕುಗಳಿಗೇ ಬ್ಯಾಂಕ್ ಎಂಬ ಹೆಸರು ಬಂತು. ಅವನು 1856ರಲ್ಲಿ ತೀರಿಕೊಂಡ. ಆಮೇಲೆ ಆಡಳಿತ ಹೊಸ ಪೀಳಿಗೆಯ ಕೈಗೆ ಹೋಯಿತು.

ಕೆಟ್ಟದ್ದು ಹೇಗೆ

ಹೊಸಬರಿಗೆ ಹುಂಡಿಯ ಸಣ್ಣ ಲಾಭ ಸಾಲಲಿಲ್ಲ. ಕಬ್ಬಿಣದ ಕಾರ್ಖಾನೆ, ಹಡಗು ಕಂಪನಿ, ರೈಲು ಗುತ್ತಿಗೆದಾರರು, ಹೀಗೆ ಎಲ್ಲೆಡೆ ಹಣ ಹಾಕಿದರು. ಥೇಮ್ಸ್ ದಡದ ಮಿಲ್‌ವಾಲ್ ಕಬ್ಬಿಣದ ಕಾರ್ಖಾನೆಯಲ್ಲಿ ಹಾಕಿದರು. ಗ್ರೀಕ್ ವ್ಯಾಪಾರಿಯೊಬ್ಬನ ಹಡಗು ಕಂಪನಿಗೆ ಸಾಲ ಕೊಟ್ಟರು. ಅದು ಸೋತಾಗ ಹಡಗುಗಳು ಇವರ ತಲೆಗೇ ಬಂದವು. ಮುಳುಗುವ ಸಾಲವನ್ನು ಉಳಿಸಲು ಇನ್ನಷ್ಟು ಸಾಲ ಕೊಟ್ಟರು. ಹುಂಡಿ ದಲ್ಲಾಳಿಯಾಗಿದ್ದವರು ಗೊತ್ತಿಲ್ಲದ ಉದ್ದಿಮೆಗಳ ಮಾಲೀಕರಾಗಿಬಿಟ್ಟರು. ಕಬ್ಬಿಣದ ಹಡಗು ಮೂರು ತಿಂಗಳಲ್ಲಿ ಹಣವಾಗಿ ಕೈಗೆ ಬರುವುದಿಲ್ಲ ಅಲ್ವಾ? ಠೇವಣಿ ಇಟ್ಟವರು ಮಾತ್ರ ಇವತ್ತೇ ಕೇಳಬಹುದು.

ಇದೇ ಹೊತ್ತಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಜೊತೆಗಿನ ಸಂಬಂಧ ಹಳಸಿತು. 1857ರ ಬಿಕ್ಕಟ್ಟಿನಲ್ಲಿ ಹುಂಡಿ ದಲ್ಲಾಳಿಗಳೆಲ್ಲ ಓಡಿಹೋಗಿ ಬ್ಯಾಂಕಿನಲ್ಲಿ ಸಾಲ ಪಡೆದಿದ್ದರು. ಇವರು ತಮ್ಮ ಕೈಯಲ್ಲಿ ಏನೂ ಮೀಸಲು ಇಟ್ಟುಕೊಳ್ಳದೆ ನಮ್ಮ ಮೇಲೇ ಭಾರ ಹಾಕುತ್ತಾರೆ ಎಂದು ಬ್ಯಾಂಕಿಗೆ ಸಿಟ್ಟು ಬಂತು. ಇನ್ನು ಮುಂದೆ ದಲ್ಲಾಳಿಗಳಿಗೆ ಮಾಮೂಲಿಯಾಗಿ ಸಾಲ ಇಲ್ಲ ಎಂದು 1858ರಲ್ಲಿ ನಿಯಮ ಮಾಡಿತು. 1860ರಲ್ಲಿ ಓವರೆಂಡಿನವರು ಮತ್ತು ಅವರ ಗೆಳೆಯರು ಸೇರಿ ತಮ್ಮ ಖಾತೆಗಳಿಂದ ಸುಮಾರು 16 ಲಕ್ಷ ಪೌಂಡುಗಳನ್ನು ನೋಟುಗಳಲ್ಲಿ ಒಮ್ಮೆಗೇ ತೆಗೆದರು. ಬ್ಯಾಂಕನ್ನು ಹೆದರಿಸಿ ನಿಯಮ ಬದಲಿಸಬಹುದು ಎಂಬ ಲೆಕ್ಕ. ಬ್ಯಾಂಕ್ ಮಣಿಯಲಿಲ್ಲ. ಸ್ವಲ್ಪ ದಿನದಲ್ಲೇ ಹಣ ವಾಪಸ್ ತಂದಿಟ್ಟರು. 1866ರ ನಿರಾಕರಣೆಯ ಹಿಂದೆ ಈ ಹಳೆಯ ಕಹಿ ಇತ್ತು ಎನ್ನುವವರು ಇದ್ದಾರೆ. ಇದ್ದಿರಬಹುದು. ಆದರೆ ಆ ಲೆಕ್ಕಪುಸ್ತಕ ನೋಡಿದ ಯಾರೂ ಬೇರೆ ಉತ್ತರ ಕೊಡಲು ಸಾಧ್ಯವಿರಲಿಲ್ಲ.

1865ರ ಜುಲೈನಲ್ಲಿ ಪಾಲುದಾರರು ಸಂಸ್ಥೆಯನ್ನು ಸೀಮಿತ ಹೊಣೆಯ ಕಂಪನಿಯಾಗಿ ಮಾಡಿ ಜನರಿಗೆ ಷೇರು ಮಾರಿದರು. ಒಟ್ಟು ಬಂಡವಾಳ 50 ಲಕ್ಷ ಪೌಂಡ್. ತಲಾ 50 ಪೌಂಡಿನ 1 ಲಕ್ಷ ಷೇರು. ಅದರಲ್ಲಿ ಕೂಡಲೇ ಕಟ್ಟಬೇಕಾದದ್ದು 15 ಪೌಂಡ್. ಉಳಿದ 35 ಪೌಂಡ್ ಬೇಕಾದಾಗ ಕೇಳಿದರೆ ಕಟ್ಟಬೇಕು. ಈ 35 ಪೌಂಡಿನ ವಿಷಯಕ್ಕೆ ಮುಂದೆ ಬರುತ್ತೇನೆ.

ಹಳೆಯ ಹೆಸರಿನ ಬೆಲೆ ಎಂದು ಪಾಲುದಾರರಿಗೆ 5 ಲಕ್ಷ ಪೌಂಡ್ ಸಿಕ್ಕಿತು. ಆ ಹೊತ್ತಿಗೆ ಸಂಸ್ಥೆಯೊಳಗೆ ಬಾರದ ಸಾಲ 30 ಲಕ್ಷ ಪೌಂಡ್ ದಾಟಿತ್ತು. ಆ ನಷ್ಟವನ್ನು ಹಳೆಯ ಪಾಲುದಾರರು ತುಂಬಿಕೊಡುತ್ತಾರೆ ಎಂದು ಒಂದು ಒಪ್ಪಂದ ಪತ್ರ ಮಾಡಿಕೊಂಡಿದ್ದರು. ಷೇರು ಕೊಳ್ಳುವವರಿಗೆ ಹಂಚಿದ ವಿವರಣೆಯಲ್ಲಿ ಆ ಪತ್ರದ ಸುದ್ದಿಯೇ ಇರಲಿಲ್ಲ. ಹೆಸರು ನೋಡಿ ಜನ ಮುಗಿಬಿದ್ದರು. ಷೇರಿನ ಬೆಲೆ ಕೆಲವೇ ತಿಂಗಳಲ್ಲಿ ಮೇಲೇರಿತು.

ಧಾರವಾಡದ ಹತ್ತಿ, ಮುಂಬೈಯ ಷೇರು

ಈ ಕತೆಗೆ ನಮ್ಮ ಕಡೆಯದೂ ಒಂದು ಎಳೆ ಇದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿನ ಹತ್ತಿ ಲಿವರ್‌ಪೂಲಿಗೆ ಬರುವುದು ನಿಂತಿತು. ಮ್ಯಾಂಚೆಸ್ಟರ್ ಗಿರಣಿಗಳು ಹಿಂದೂಸ್ಥಾನದ ಹತ್ತಿಗೆ ಕೈಚಾಚಿದವು. ಧಾರವಾಡ, ಹುಬ್ಬಳ್ಳಿ, ಗದಗ ಸುತ್ತಿನ ಕಪ್ಪು ನೆಲದಲ್ಲಿ ಅಮೆರಿಕದ ಬೀಜದ ಹತ್ತಿ 1840ರ ದಶಕದಿಂದಲೇ ಬೆಳೆಯುತ್ತಿತ್ತು. ಲಿವರ್‌ಪೂಲ್ ಪೇಟೆಯಲ್ಲಿ ಅದಕ್ಕೆ ಧಾರವಾಡ್ ಅಮೆರಿಕನ್ ಎಂದೇ ಹೆಸರು. ಆ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಬೇಕೆಂದು ಮ್ಯಾಂಚೆಸ್ಟರಿನವರು ಒತ್ತಾಯ ಹಾಕಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಹತ್ತಿಯವರ ಕೈಯೂ ಇತ್ತು.

ಹತ್ತಿಗೆ ಬೆಲೆ ಏರಿದಂತೆ ಇಂಗ್ಲೆಂಡಿನ ಬೆಳ್ಳಿ ಹಡಗು ಹಡಗಾಗಿ ಇತ್ತ ಬಂತು. ಅಲ್ಲಿ ಹಣ ಬಿಗಿಯಾಯಿತು. 1864ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಬಡ್ಡಿ ಶೇಕಡಾ 9ಕ್ಕೆ ಏರಿತು. ಇಲ್ಲಿ ಮುಂಬೈಯಲ್ಲಿ ಹಣ ಉಕ್ಕಿತು. ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಗಳು, ಹೊಸ ಹೊಸ ಬ್ಯಾಂಕುಗಳು, ಎಲ್ಲದರ ಷೇರಿಗೂ ಹುಚ್ಚು ಬೆಲೆ. ಪ್ರೇಮಚಂದ ರಾಯಚಂದ ಎಂಬ ದಲ್ಲಾಳಿಯ ಮಾತಿಗೆ ಪೇಟೆ ಕುಣಿಯಿತು. 1865ರ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣದ ಸೇನೆ ಶರಣಾಯಿತು. ಹತ್ತಿ ಬೆಲೆ ಕುಸಿಯಿತು. ಜುಲೈ 1ರ ವಾಯಿದೆಯ ಲೆಕ್ಕ ತೀರಿಸಲಾಗದೆ ಮುಂಬೈಯ ಷೇರುಪೇಟೆ ನೆಲಕಚ್ಚಿತು. ಬ್ಯಾಂಕ್ ಆಫ್ ಬಾಂಬೆ ಎದ್ದೇಳಲಾಗದೆ 1868ರಲ್ಲಿ ಮುಚ್ಚಿತು.

ಓವರೆಂಡ್ ಮುಳುಗಿದ್ದು ಹತ್ತಿಯಿಂದ ಅಲ್ಲ. ಅದರ ನಷ್ಟ ಆ ಹೊತ್ತಿಗಾಗಲೇ ಆಗಿಹೋಗಿತ್ತು. ಆದರೆ ಹತ್ತಿಯ ಏರಿಳಿತ ಲಂಡನ್ನಿನಲ್ಲಿ ಹಣವನ್ನು ದುಬಾರಿ ಮಾಡಿತ್ತು. ದುಬಾರಿ ಹಣದ ಕಾಲದಲ್ಲಿ ಒಳಗೆ ಹುಳುಕಿರುವವರು ಜಾಸ್ತಿ ದಿನ ತಾಳುವುದಿಲ್ಲ. ಗದಗಿನ ರೈತನಿಗೆ ಸಿಕ್ಕ ಬೆಲೆಗೂ ಲೊಂಬಾರ್ಡ್ ಸ್ಟ್ರೀಟಿನ ಬಡ್ಡಿಗೂ ನಂಟು ಇದ್ದ ಕಾಲ ಅದು.

ಆ ವಾರ

1866ರ ಜನವರಿಯಿಂದಲೇ ಒಂದೊಂದಾಗಿ ಬೀಳತೊಡಗಿದವು. ಮೊದಲು ಲಿವರ್‌ಪೂಲಿನ ವಾಟ್ಸನ್, ಓವರೆಂಡ್ ಎಂಬ ರೈಲು ಗುತ್ತಿಗೆ ಸಂಸ್ಥೆ. ಇದಕ್ಕೂ ನಮ್ಮ ಓವರೆಂಡಿಗೂ ಹೆಸರು ಬಿಟ್ಟರೆ ಸಂಬಂಧ ಇಲ್ಲ. ಆದರೆ ಹೆಸರೇ ಸಾಕಾಯಿತು, ಜನ ಪಿಸುಗುಟ್ಟಿದರು. ಏಪ್ರಿಲ್‌ನಲ್ಲಿ ಲಿವರ್‌ಪೂಲಿನ ಬಾರ್ನೆಡ್ಸ್ ಬ್ಯಾಂಕ್ ಬಿತ್ತು. ಮೇ ತಿಂಗಳಲ್ಲಿ ನ್ಯಾಯಾಲಯದ ಒಂದು ತೀರ್ಪು ಬಂತು. ಮಿಡ್ ವೇಲ್ಸ್ ರೈಲ್ವೆ ಕಂಪನಿ ಒಪ್ಪಿ ಸಹಿ ಹಾಕಿದ ಹುಂಡಿಗಳು ಊರ್ಜಿತವಲ್ಲ, ರೈಲು ಕಂಪನಿಗೆ ಹಾಗೆ ಹುಂಡಿ ಒಪ್ಪುವ ಅಧಿಕಾರವೇ ಇಲ್ಲ ಎಂದು. ಓವರೆಂಡಿನ ಕೈಯಲ್ಲಿ ಅಂಥ ಹುಂಡಿಗಳು ಇದ್ದವು. ಠೇವಣಿ ಇಟ್ಟವರು ಹಣ ವಾಪಸ್ ಕೇಳಲು ಶುರು ಮಾಡಿದರು.

ಶುಕ್ರವಾರ, ಮೇ 11ರ ಬೆಳಿಗ್ಗೆ ಲೊಂಬಾರ್ಡ್ ಸ್ಟ್ರೀಟಿನಲ್ಲಿ ಜನ ಕಿಕ್ಕಿರಿದಿದ್ದರು. ಗಟ್ಟಿಯಾಗಿದ್ದ ಬ್ಯಾಂಕುಗಳ ಮುಂದೆಯೂ ಗುಂಪು. ಪೇಟೋ ಅಂಡ್ ಬೆಟ್ಸ್ ಎಂಬ ದೊಡ್ಡ ರೈಲು ಗುತ್ತಿಗೆದಾರರು ಅವತ್ತೇ ಬಿದ್ದರು. ಬ್ಯಾಂಕ್ ಆಫ್ ಇಂಗ್ಲೆಂಡಿನ ಕೈಮೀಸಲು ಗುರುವಾರ ಸುಮಾರು 57 ಲಕ್ಷ ಪೌಂಡ್ ಇತ್ತು. ಶುಕ್ರವಾರ ಸಂಜೆಗೆ ಸುಮಾರು 30 ಲಕ್ಷಕ್ಕೆ ಇಳಿಯಿತು. ಒಳ್ಳೆಯ ಒತ್ತೆ ತಂದವರಿಗೆಲ್ಲ ಅದು ಸಾಲ ಕೊಡುತ್ತಲೇ ಹೋಯಿತು. ನಾವು ನಮ್ಮ ಜಾಗ ಬಿಟ್ಟು ಕದಲಲಿಲ್ಲ ಎಂದು ಬ್ಯಾಂಕಿನ ಗವರ್ನರ್ ಹಾಲೆಂಡ್ ಆಮೇಲೆ ಷೇರುದಾರರಿಗೆ ಹೇಳಿದ. ಆ ಮಾತಿನಲ್ಲಿ ಹೆಮ್ಮೆ ಇದೆ, ಹೆಮ್ಮೆಗೆ ಕಾರಣವೂ ಇದೆ.

ಅವತ್ತು ರಾತ್ರಿ ಹಣಕಾಸು ಮಂತ್ರಿ ಗ್ಲಾಡ್‌ಸ್ಟನ್ ಮತ್ತು ಪ್ರಧಾನಿ ರಸೆಲ್ ಸಹಿ ಹಾಕಿದ ಪತ್ರ ಬ್ಯಾಂಕಿಗೆ ತಲುಪಿತು. ನೋಟು ಅಚ್ಚು ಹಾಕಲು 1844ರ ಕಾನೂನು ಹಾಕಿದ್ದ ಮಿತಿಯನ್ನು ಬೇಕಾದರೆ ದಾಟಿ ಎಂಬ ಅನುಮತಿ ಅದರಲ್ಲಿತ್ತು. ಒಂದು ಷರತ್ತು, ಬಡ್ಡಿ ಶೇಕಡಾ 10. ಮಿತಿ ದಾಟುವ ಅಗತ್ಯವೇ ಬೀಳಲಿಲ್ಲ. ನೋಟು ಸಿಗುತ್ತದೆ ಎಂದು ಗೊತ್ತಾದ ಮೇಲೆ ಅದನ್ನು ಕೂಡಿಡುವ ಆತುರ ಜನಕ್ಕೆ ಉಳಿಯಲಿಲ್ಲ. ಮುಂದಿನ ಮೂರು ತಿಂಗಳಲ್ಲಿ ಬ್ಯಾಂಕ್ ಕೊಟ್ಟ ಸಾಲ ಸುಮಾರು 4.5 ಕೋಟಿ ಪೌಂಡ್. ಆಗಸ್ಟ್ ಮಧ್ಯದವರೆಗೂ ಬಡ್ಡಿ 10ರಲ್ಲೇ ನಿಂತಿತ್ತು.

ಗಾಬರಿಯ ದಿನದ ಪ್ರಶ್ನೆ

ಈಗ ಚಿಂತಕರ ಕಡೆಗೆ ಬರೋಣ. ಗುರುವಾರದ ನಿರಾಕರಣೆ, ಶುಕ್ರವಾರದ ಔದಾರ್ಯ. ಇಂಥವೆರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿದ ಮೊದಲಿಗ ಹೆನ್ರಿ ಥಾರ್ನ್‌ಟನ್. ಅವನು ಲಂಡನ್ನಿನ ಬ್ಯಾಂಕರು, ಸಂಸತ್ತಿನ ಸದಸ್ಯ. ಕಾಗದದ ಹಣದ ಬಗ್ಗೆ ಅವನ ಪುಸ್ತಕ ಬಂದದ್ದು 1802ರಲ್ಲಿ, ಓವರೆಂಡ್ ಬೀಳುವುದಕ್ಕೆ 64 ವರ್ಷ ಮೊದಲು.

1793ರಲ್ಲಿ ಮತ್ತು 1797ರಲ್ಲಿ ಇಂಗ್ಲೆಂಡಿನಲ್ಲಿ ಗಾಬರಿ ಹಬ್ಬಿತ್ತು. ಎರಡನೆಯ ಸಲ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಚಿನ್ನ ಕೊಡುವುದನ್ನೇ ನಿಲ್ಲಿಸಬೇಕಾಯಿತು. ಚಿನ್ನ ಹೊರಗೆ ಹೋಗುತ್ತಿದೆ ಎಂದು ಹೆದರಿ ಬ್ಯಾಂಕ್ ಸಾಲ ಕಡಿಮೆ ಮಾಡಿತ್ತು. ಥಾರ್ನ್‌ಟನ್ ಕೇಳಿದ್ದು ಇಷ್ಟೇ. ಚಿನ್ನ ಎಲ್ಲಿಗೆ ಹೋಗುತ್ತಿದೆ? ಹೊರದೇಶಕ್ಕೆ ಹೋಗುತ್ತಿದ್ದರೆ ಒಂದು ಮಾತು. ಊರಿನ ಜನವೇ ಹೆದರಿ ಮನೆಯಲ್ಲಿ ಕೂಡಿಡುತ್ತಿದ್ದರೆ ಅದೇ ಬೇರೆ ಮಾತು. ಎರಡನೆಯದಕ್ಕೆ ಸಾಲ ಬಿಗಿ ಮಾಡಿದರೆ ಹೆದರಿಕೆ ಹೆಚ್ಚುತ್ತದೆ, ಚಿನ್ನ ಇನ್ನೂ ಬೇಗ ಖಾಲಿಯಾಗುತ್ತದೆ. ಆಗ ಧಾರಾಳವಾಗಿ ಕೊಡಬೇಕು. ಇದರ ಜೊತೆಗೇ ಇನ್ನೊಂದು ಮಾತನ್ನೂ ಅವನು ಹೇಳಿದ್ದಾನೆ. ಸಾಲವನ್ನು ಕೆಟ್ಟದಾಗಿ ನಡೆಸಿದವರನ್ನು ಅವರ ತಪ್ಪಿನ ಫಲದಿಂದ ಪಾರು ಮಾಡುವುದು ಬ್ಯಾಂಕಿನ ಕೆಲಸವಲ್ಲ. ನೋಡಬೇಕಾದ್ದು ಇಡೀ ಪೇಟೆಯ ಹಿತವನ್ನು. 1866ರ ಎರಡು ದಿನಗಳ ನಕ್ಷೆ ಇಲ್ಲಿ ಪೂರ್ತಿ ಇದೆ.

ಆದರೆ 1866ರಲ್ಲಿ ಜಾರಿಯಲ್ಲಿದ್ದ ಕಾನೂನು ಬರೆದವರು ಥಾರ್ನ್‌ಟನ್‌ನ ದಾರಿಯವರಲ್ಲ. 1844ರ ಆ ಕಾನೂನಿನ ಹಿಂದೆ ಇದ್ದದ್ದು ಬ್ಯಾಂಕರು ಲಾರ್ಡ್ ಓವರ್‌ಸ್ಟೋನ್ ಮತ್ತು ಅವನ ಸಂಗಡಿಗರು. ನೋಟು ಜಾಸ್ತಿ ಅಚ್ಚಾಗುವುದೇ ಎಲ್ಲ ಬಿಕ್ಕಟ್ಟಿನ ಬೇರು ಎಂದು ಅವರ ನಂಬಿಕೆ. 1.4 ಕೋಟಿ ಪೌಂಡಿನಷ್ಟು ನೋಟನ್ನು ಸಾಲಪತ್ರಗಳ ಆಧಾರದಲ್ಲಿ ಹೊರಡಿಸಬಹುದು. ಅದಕ್ಕಿಂತ ಜಾಸ್ತಿಯ ಪ್ರತಿ ನೋಟಿನ ಹಿಂದೆಯೂ ಚಿನ್ನ ಇರಬೇಕು. ಹೀಗೆ ಕಟ್ಟು ಹಾಕಿದರೆ ಸಾಕು ಎಂದುಕೊಂಡರು. ಎದುರು ಪಕ್ಷದಲ್ಲಿ ಅರ್ಥಶಾಸ್ತ್ರಜ್ಞ ಥಾಮಸ್ ಟೂಕ್ ಇದ್ದ. ಜಾನ್ ಫುಲರ್ಟನ್ ಇದ್ದ. ಈತ ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ವೈದ್ಯನಾಗಿದ್ದು ಆಮೇಲೆ ಕಲ್ಕತ್ತದಲ್ಲಿ ಬ್ಯಾಂಕ್ ನಡೆಸಿದವನು. ಹುಂಡಿ, ಠೇವಣಿ, ಚೆಕ್ಕು ಎಲ್ಲವೂ ಹಣದ ಕೆಲಸ ಮಾಡುತ್ತವೆ, ನೋಟೊಂದನ್ನೇ ಕಟ್ಟಿಹಾಕಿ ಏನು ಬಂತು ಎಂಬುದು ಇವರ ವಾದ.

ಓವರೆಂಡ್ ಪ್ರಕರಣ ಈ ವಾದವನ್ನು ಒಂದು ಮಟ್ಟಿಗೆ ತೀರಿಸಿತು ಅಂತಲೇ ನನ್ನ ಅಭಿಪ್ರಾಯ. ಓವರೆಂಡ್ ಒಂದೇ ಒಂದು ನೋಟನ್ನೂ ಅಚ್ಚು ಹಾಕಿದ ಸಂಸ್ಥೆಯಲ್ಲ. ಹುಂಡಿ ಮತ್ತು ಠೇವಣಿಯಲ್ಲೇ ಬೆಳೆಯಿತು, ಅದರಲ್ಲೇ ಮುಳುಗಿತು. 1844ರ ಕಾನೂನು ಕಾವಲು ನಿಂತಿದ್ದ ಬಾಗಿಲಿಗೆ ಆ ದಾರಿಯ ಪರಿಚಯವೇ ಇರಲಿಲ್ಲ. 1847, 1857, 1866, ಮೂರು ಬಾರಿಯೂ ಗಾಬರಿ ಬಂದಾಗ ಆ ಕಾನೂನನ್ನು ಬದಿಗಿಡಬೇಕಾಯಿತು. ಇವತ್ತಿಗೂ ಹಣದ ಮೇಲೆ ನಿಗಾ ಇಡುವವರು ಹಿಂದಿನ ಬಿಕ್ಕಟ್ಟು ಬಂದ ದಾರಿಯನ್ನೇ ಕಾಯುತ್ತಾರೆ ಎಂಬುದು ನನ್ನನ್ನು ಕಾಡುವ ಸಂಗತಿ.

ಶುಕ್ರವಾರದ ಕೆಲಸಕ್ಕೆ ಒಂದು ಸಿದ್ಧಾಂತದ ರೂಪ ಕೊಟ್ಟವನು ವಾಲ್ಟರ್ ಬ್ಯಾಜೆಟ್. ದಿ ಎಕನಾಮಿಸ್ಟ್ ಪತ್ರಿಕೆಯ ಸಂಪಾದಕ. ಆ ಪತ್ರಿಕೆ ಕಟ್ಟಿದ ಜೇಮ್ಸ್ ವಿಲ್ಸನ್ ಅವನ ಮಾವ. ಹಿಂದೂಸ್ಥಾನಕ್ಕೆ ಹಣಕಾಸು ಸದಸ್ಯನಾಗಿ ಬಂದು, 1860ರಲ್ಲಿ ನಮಗೆ ಮೊದಲ ಆದಾಯ ತೆರಿಗೆ ಹಾಕಿ, ಅದೇ ವರ್ಷ ಕಲ್ಕತ್ತದಲ್ಲಿ ತೀರಿಕೊಂಡ ವಿಲ್ಸನ್ ಇವನೇ. ಬ್ಯಾಜೆಟ್ 1873ರಲ್ಲಿ ಲೊಂಬಾರ್ಡ್ ಸ್ಟ್ರೀಟಿನ ಹೆಸರಿನಲ್ಲೇ ಪುಸ್ತಕ ಬರೆದ. ಇಡೀ ದೇಶದ ಮೀಸಲು ಹಣ ಬ್ಯಾಂಕ್ ಆಫ್ ಇಂಗ್ಲೆಂಡಿನ ಒಂದೇ ಕಡೆ ಇದೆ ಎಂದು ತೋರಿಸಿದ. ಊರಿಗೆಲ್ಲ ಒಂದೇ ಕೆರೆ ಇದ್ದ ಹಾಗೆ. ಬರದಲ್ಲಿ ಆ ಕೆರೆಗೆ ಬೀಗ ಹಾಕುವಂತಿಲ್ಲ. ಆದ್ದರಿಂದ ಗಾಬರಿಯಲ್ಲಿ ಧಾರಾಳವಾಗಿ ಕೊಡಿ. ಆದರೆ ಬಡ್ಡಿ ಏರಿಸಿ ಕೊಡಿ, ಅಗತ್ಯ ಇಲ್ಲದವರು ಬರಬಾರದು. ಮಾಮೂಲಿ ಕಾಲದಲ್ಲಿ ಒಳ್ಳೆಯದು ಎನಿಸುವ ಒತ್ತೆ ತಂದ ಯಾರಿಗೂ ಇಲ್ಲ ಎನ್ನಬೇಡಿ. ಓವರೆಂಡ್ ಬಗ್ಗೆ ಅವನಿಗೆ ಕನಿಕರ ಇರಲಿಲ್ಲ. ಒಂದು ಮಗು ಕೂಡ ಇದಕ್ಕಿಂತ ಚೆನ್ನಾಗಿ ಸಾಲ ಕೊಡುತ್ತಿತ್ತು ಎಂಬ ಅರ್ಥದ ಮಾತನ್ನು ಬರೆದಿದ್ದಾನೆ. ಆಶ್ಚರ್ಯ ಏನೆಂದರೆ ಪುಸ್ತಕದಲ್ಲಿ ಎಲ್ಲೂ ಥಾರ್ನ್‌ಟನ್ ಹೆಸರಿಲ್ಲ. 1939ರಲ್ಲಿ ಅರ್ಥಶಾಸ್ತ್ರಜ್ಞ ಹಾಯೆಕ್ ಮತ್ತೆ ಅಚ್ಚು ಹಾಕಿಸುವವರೆಗೂ ಥಾರ್ನ್‌ಟನ್‌ನನ್ನು ಓದಿದವರು ಕಡಿಮೆ.

ಬ್ಯಾಜೆಟ್‌ಗೆ ಎದುರಾಗಿ ನಿಂತವನು ಥಾಮ್ಸನ್ ಹ್ಯಾಂಕಿ. ಬ್ಯಾಂಕ್ ಆಫ್ ಇಂಗ್ಲೆಂಡಿನ ನಿರ್ದೇಶಕ, ಹಿಂದೆ ಗವರ್ನರ್ ಆಗಿದ್ದವನು. ಕಷ್ಟಕಾಲದಲ್ಲಿ ಎಲ್ಲರಿಗೂ ಬ್ಯಾಂಕ್ ಕೊಡುತ್ತದೆ ಎಂದು ಮೊದಲೇ ಮಾತು ಕೊಟ್ಟರೆ ಯಾರು ತಾನೇ ತಮ್ಮ ಮೀಸಲು ಇಟ್ಟುಕೊಳ್ಳುತ್ತಾರೆ? ದೇಶದ ಬ್ಯಾಂಕಿಂಗ್ ಚರಿತ್ರೆಯಲ್ಲೇ ಇಷ್ಟು ಕೇಡಿನ ಸಿದ್ಧಾಂತ ಬಂದಿಲ್ಲ ಎಂದು ಹ್ಯಾಂಕಿ ಬರೆದ. ಅವನು ಸೋತವನು ಎಂದು ಪಠ್ಯಪುಸ್ತಕಗಳು ಬೇಗ ಮುಂದೆ ಹೋಗುತ್ತವೆ. ಅದು ಅನ್ಯಾಯ. ಗಾಬರಿಯ ದಿನದ ಮಟ್ಟಿಗೆ ಬ್ಯಾಜೆಟ್ ಸರಿ. ಆದರೆ ಹ್ಯಾಂಕಿ ಕೇಳಿದ್ದು ಗಾಬರಿ ಇಲ್ಲದ ದಿನಗಳ ಬಗ್ಗೆ. ಅದಕ್ಕೆ ಬ್ಯಾಜೆಟ್‌ನ ನಿಯಮದಲ್ಲಿ ಪೂರ್ತಿ ಉತ್ತರ ಇಲ್ಲ.

ಕೆಟ್ಟ ಸಾಲದ ಪ್ರಶ್ನೆ

ಹಾಗಾದರೆ ಒಳ್ಳೆಯ ದಿನಗಳಲ್ಲಿ ಕೆಟ್ಟ ಸಾಲ ಬೆಳೆಯುವುದು ಯಾಕೆ? ಇಲ್ಲಿ ಓವರ್‌ಸ್ಟೋನ್‌ನನ್ನು ಮತ್ತೆ ಕರೆಯಬೇಕು. ಔಷಧಿ ತಪ್ಪು ಕೊಟ್ಟರೂ ರೋಗದ ಲಕ್ಷಣ ಅವನು ಚೆನ್ನಾಗಿ ಹಿಡಿದಿದ್ದ. ವ್ಯಾಪಾರ ಸುತ್ತಿನಲ್ಲಿ ಓಡುತ್ತದೆ ಎಂದು 1837ರಲ್ಲೇ ಬರೆದಿದ್ದ. ಮೊದಲು ಶಾಂತ, ಆಮೇಲೆ ಸುಧಾರಣೆ, ನಂಬಿಕೆ, ಸಮೃದ್ಧಿ, ಉದ್ವೇಗ, ಮಿತಿಮೀರಿದ ವ್ಯಾಪಾರ. ಅಲ್ಲಿಂದ ಕುಸಿತ, ಬಿಗಿ, ಸಂಕಟ, ಮತ್ತೆ ಶಾಂತ. ಫ್ರಾನ್ಸಿನ ಕ್ಲೆಮೆಂ ಜುಗ್ಲಾರ್ 1862ರಲ್ಲಿ ಅಂಕಿಅಂಶ ಇಟ್ಟುಕೊಂಡು ಇದೇ ಸುತ್ತನ್ನು ತೋರಿಸಿದ. ಸಮೃದ್ಧಿಯೇ ಕುಸಿತಕ್ಕೆ ಕಾರಣ ಎಂಬುದು ಅವನ ನಿಲುವು.

1866ರ ವಿಷಯದಲ್ಲಿ ನನಗೆ ಎಲ್ಲರಿಗಿಂತ ಹತ್ತಿರ ಅನ್ನಿಸುವುದು ಮ್ಯಾಂಚೆಸ್ಟರಿನ ಬ್ಯಾಂಕರು ಜಾನ್ ಮಿಲ್ಸ್. ಪ್ರಸಿದ್ಧ ಜಾನ್ ಸ್ಟುವರ್ಟ್ ಮಿಲ್ ಬೇರೆ, ಇವನು ಬೇರೆ. ಓವರೆಂಡ್ ಬಿದ್ದ ಮರುವರ್ಷ, 1867ರ ಡಿಸೆಂಬರಿನಲ್ಲಿ ಒಂದು ಪ್ರಬಂಧ ಓದಿದ. ಗಾಬರಿ ಬಂಡವಾಳವನ್ನು ನಾಶ ಮಾಡುವುದಿಲ್ಲ, ಅದು ಮೊದಲೇ ಎಷ್ಟು ನಾಶವಾಗಿತ್ತು ಎಂಬುದನ್ನು ಬಯಲು ಮಾಡುತ್ತದೆ ಎಂದ. ಈ ಒಂದು ಮಾತು ಇಟ್ಟುಕೊಂಡು ಓವರೆಂಡ್ ಲೆಕ್ಕ ನೋಡಿ. ಮೇ 10ರಂದು ಅಲ್ಲಿ ಹೊಸದಾಗಿ ಏನೂ ಕಳೆಯಲಿಲ್ಲ. ಹಡಗಿಗೆ, ಕಬ್ಬಿಣಕ್ಕೆ ಸುರಿದ ಹಣ ವರ್ಷಗಳ ಹಿಂದೆಯೇ ಹೋಗಿತ್ತು. ಹೋಗಿದೆ ಎಂದು ಪೇಟೆಗೆ ಗೊತ್ತಾದದ್ದು ಅವತ್ತು. ಮಿಲ್ಸ್ ಇನ್ನೂ ಮುಂದೆ ಹೋಗಿ, ಈ ರೋಗ ಹಣದ ಚೀಲದ್ದಲ್ಲ, ಮನಸ್ಸಿನದ್ದು ಎಂದ. ಗಾಬರಿ ಕಂಡ ಪೀಳಿಗೆ ಎಚ್ಚರದಿಂದಿರುತ್ತದೆ. ಅದನ್ನು ಕಾಣದ ಪೀಳಿಗೆ ಬಂದಾಗ ಎಚ್ಚರ ತಪ್ಪುತ್ತದೆ. ಸ್ಯಾಮ್ಯುಯೆಲ್ ಗರ್ನಿ ಹೋದ ಮೇಲೆ ಆದದ್ದು ಅದೇ.

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಹೈಮನ್ ಮಿನ್‌ಸ್ಕಿ ಇದಕ್ಕೆ ಇನ್ನಷ್ಟು ಖಚಿತ ರೂಪ ಕೊಟ್ಟ. ಸಾಲಗಾರರಲ್ಲಿ ಮೂರು ತರ. ದುಡಿಮೆಯಿಂದ ಅಸಲು, ಬಡ್ಡಿ ಎರಡೂ ಕಟ್ಟಬಲ್ಲವರು. ಬಡ್ಡಿ ಮಾತ್ರ ಕಟ್ಟಿ ಅಸಲಿಗೆ ಮತ್ತೆ ಸಾಲ ಮಾಡುವವರು. ಬಡ್ಡಿ ಕಟ್ಟಲೂ ಹೊಸ ಸಾಲ ಬೇಕಾದವರು. ಒಳ್ಳೆಯ ಕಾಲ ಉದ್ದವಾದಷ್ಟೂ ಜನ ಮೊದಲನೆಯ ಗುಂಪಿನಿಂದ ಮೂರನೆಯದಕ್ಕೆ ಜಾರುತ್ತಾರೆ. ಹುಂಡಿ ದಲ್ಲಾಳಿಯಾಗಿದ್ದ ಓವರೆಂಡ್ ಮೊದಲನೆಯ ಗುಂಪಿನಲ್ಲಿತ್ತು. 1865ರಲ್ಲಿ ಜನರಿಗೆ ಷೇರು ಮಾರುವ ಹೊತ್ತಿಗೆ ಮೂರನೆಯದರಲ್ಲಿತ್ತು. ಆ ಷೇರು ಮಾರಾಟವೇ ಹೊಸ ಹಣದಿಂದ ಹಳೆ ತೂತು ಮುಚ್ಚುವ ಕೆಲಸ.

ಇವರಲ್ಲಿ ಬಹುತೇಕರು ನೋಡದ ಕಡೆ ಒಬ್ಬ ನೋಡಿದ. 1867ರಲ್ಲಿ ಬಂದ ತನ್ನ ದೊಡ್ಡ ಗ್ರಂಥದಲ್ಲಿ ಕಾರ್ಲ್ ಮಾರ್ಕ್ಸ್ ಓವರೆಂಡಿನ ಪತನದಿಂದ ಕೆಲಸ ಕಳೆದುಕೊಂಡ ಥೇಮ್ಸ್ ದಡದ ಹಡಗು ಕಾರ್ಮಿಕರ ಬಗ್ಗೆ ಬರೆದ. ಪತ್ರಿಕೆಯ ವರದಿಗಳನ್ನೇ ಉದ್ದಕ್ಕೆ ಕೊಟ್ಟಿದ್ದಾನೆ. ಒಳ್ಳೆಯ ಕೂಲಿ ಪಡೆಯುತ್ತಿದ್ದ ಕುಶಲ ಕೆಲಸಗಾರರು ಪಾಪ್ಲರ್‌ನ ಬಡವರ ಆಶ್ರಯದ ಅಂಗಳದಲ್ಲಿ ಚಳಿಗಾಲದಲ್ಲಿ ಕಲ್ಲು ಒಡೆಯುತ್ತಿದ್ದರು. ಕೂಲಿ ಮೂರು ಪೆನ್ಸ್ ಮತ್ತು ಒಂದಿಷ್ಟು ಬ್ರೆಡ್ಡು. ಪೇಟೆ ಉಳಿಯಿತು ಎಂದು ಹೇಳುವಾಗ ಯಾರ ಪೇಟೆ ಎಂದು ಕೇಳಿಕೊಳ್ಳಬೇಕಾದ್ದು ಇಲ್ಲಿ. ಮೂರು ತಿಂಗಳು ಶೇಕಡಾ 10ರ ಬಡ್ಡಿ ಲೊಂಬಾರ್ಡ್ ಸ್ಟ್ರೀಟನ್ನು ಉಳಿಸಿರಬಹುದು. ಸಾಲದ ಮೇಲೆ ನಡೆಯುವ ಕಾರ್ಖಾನೆಗಳಿಗೆ ಅದು ಏಟು. ಬ್ಯಾಜೆಟ್‌ನ ನಿಯಮದಲ್ಲಿ ಈ ಏಟಿನ ಲೆಕ್ಕ ಬರುವುದಿಲ್ಲ.

ನಷ್ಟ ಯಾರ ತಲೆಗೆ ಬಂತು

ಗಾಬರಿ ಮೇ ತಿಂಗಳಿಗೇ ಮುಗಿಯಲಿಲ್ಲ. ನಮ್ಮ ಆಗ್ರಾದಲ್ಲಿ ಹುಟ್ಟಿ ಲಂಡನ್ನಿಗೆ ಹೋಗಿ ಬೆಳೆದಿದ್ದ ಆಗ್ರಾ ಅಂಡ್ ಮಾಸ್ಟರ್‌ಮನ್ಸ್ ಬ್ಯಾಂಕ್ ಜೂನ್‌ನಲ್ಲಿ ಬಾಗಿಲು ಹಾಕಿತು. ಇಲ್ಲಿ ಕೆಲಸ ಮಾಡಿ ನಿವೃತ್ತರಾದ ಎಷ್ಟೋ ಇಂಗ್ಲಿಷ್ ಅಧಿಕಾರಿಗಳ ಉಳಿತಾಯ ಅಲ್ಲಿತ್ತು.

ಓವರೆಂಡಿನ ಷೇರುದಾರರು ನ್ಯಾಯಾಲಯಕ್ಕೆ ಹೋದರು. ನಮಗೆ ಸುಳ್ಳು ಹೇಳಿ ಷೇರು ಮಾರಿದ್ದಾರೆ, ಬಾಕಿ ಕಂತು ಕಟ್ಟುವುದಿಲ್ಲ ಎಂದರು. 1867ರಲ್ಲಿ ಇಂಗ್ಲೆಂಡಿನ ಸಂಸತ್ತಿನ ಮೇಲ್ಮನೆ, ಆಗ ಕೊನೆಯ ನ್ಯಾಯಾಲಯವೂ ಅದೇ, ಅವರ ವಿರುದ್ಧ ತೀರ್ಪು ಕೊಟ್ಟಿತು. ಮೋಸ ಆಗಿರಬಹುದು, ಆದರೆ ಕಂಪನಿ ಮುಳುಗಿದ ಮೇಲೆ ಸಾಲ ಕೊಟ್ಟವರ ಹಕ್ಕು ಮೊದಲು ಎಂದು. 1869ರ ಡಿಸೆಂಬರಿನಲ್ಲಿ ನಿರ್ದೇಶಕರ ಮೇಲಿನ ವಂಚನೆಯ ಮೊಕದ್ದಮೆ ನಡೆಯಿತು. ಎಲ್ಲರೂ ಖುಲಾಸೆಯಾದರು.

ಆ 35 ಪೌಂಡಿನ ಮಾತು ಈಗ ಬರುತ್ತದೆ. 15 ಪೌಂಡ್ ಕಟ್ಟಿ ಷೇರು ಕೊಂಡವರು ಉಳಿದ 35ರಲ್ಲಿ ದೊಡ್ಡ ಪಾಲನ್ನು ಕಟ್ಟಬೇಕಾಯಿತು. ಹಳೆಯ ಪಾಲುದಾರರ ಎಸ್ಟೇಟುಗಳು, ಮನೆಗಳು ಮಾರಾಟವಾದವು. ಈ ಹಣ ಸೇರಿ ಕೊನೆಗೆ ಸಾಲ ಕೊಟ್ಟವರಿಗೆಲ್ಲ ಪೂರ್ತಿ ಬಾಕಿ ಸಂದಾಯವಾಯಿತು. ಕಂಪನಿಯನ್ನು ಮುಳುಗಲು ಬಿಟ್ಟೂ ಪೇಟೆ ಉಳಿಯಲು ಇದೂ ಒಂದು ಕಾರಣ. ಠೇವಣಿ ಇಟ್ಟಿದ್ದ ಬ್ಯಾಂಕುಗಳಿಗೆ ಹಣ ತಡವಾಯಿತೇ ಹೊರತು ಹೋಗಲಿಲ್ಲ. ನಷ್ಟ ಷೇರುದಾರರ ಮನೆಗಳಲ್ಲಿ ನಿಂತಿತು.

2007ರ ಸೆಪ್ಟೆಂಬರ್ 12ರಂದು ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಮರ್ವಿನ್ ಕಿಂಗ್ ಸಂಸತ್ತಿನ ಸಮಿತಿಗೆ ಒಂದು ಪತ್ರ ಬರೆದರು. ಸುಲಭವಾಗಿ ನೆರವು ಕೊಟ್ಟರೆ ಬ್ಯಾಂಕುಗಳು ಇನ್ನಷ್ಟು ಅಪಾಯಕ್ಕೆ ಕೈ ಹಾಕುತ್ತವೆ ಎಂಬ ಎಚ್ಚರಿಕೆ ಅದರಲ್ಲಿತ್ತು. ಹ್ಯಾಂಕಿಯ ವಾದವೇ ಅದು. ಎರಡು ದಿನಕ್ಕೆ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಜನ ಸಾಲುಗಟ್ಟಿ ನಿಂತರು. ಓವರೆಂಡ್ ನಂತರ ಬ್ರಿಟನ್ ಕಂಡ ಮೊದಲ ದೊಡ್ಡ ಬ್ಯಾಂಕ್ ಗಾಬರಿ ಇದು ಎಂದು ಪತ್ರಿಕೆಗಳು ಬರೆದವು. ಸೆಪ್ಟೆಂಬರ್ 17ರಂದು ಸರ್ಕಾರ ಅಲ್ಲಿನ ಠೇವಣಿಗಳಿಗೆ ಜಾಮೀನು ನಿಂತಿತು. ಅಲ್ಲಿಗೆ ಸಾಲು ಕರಗಿತು.

ಮರುವರ್ಷ ಸೆಪ್ಟೆಂಬರ್ 15ರಂದು ನ್ಯೂಯಾರ್ಕಿನಲ್ಲಿ ಲೇಮನ್ ಬ್ರದರ್ಸ್ ಎಂಬ ಹೂಡಿಕೆ ಬ್ಯಾಂಕ್ ಮುಳುಗಿತು. ಅಮೆರಿಕದ ಕೇಂದ್ರ ಬ್ಯಾಂಕ್ ಅದನ್ನು ಉಳಿಸಲಿಲ್ಲ. ಮಾರನೆಯ ದಿನವೇ ಎಐಜಿ ಎಂಬ ವಿಮಾ ಕಂಪನಿಗೆ 8,500 ಕೋಟಿ ಡಾಲರ್ ಸಾಲ ಕೊಟ್ಟಿತು. ತೋರಿಕೆಗೆ 1866ರ ಗುರುವಾರ, ಶುಕ್ರವಾರಗಳೇ. ಆದರೆ ಗಾಬರಿ ಇಳಿಯಲಿಲ್ಲ, ಲೋಕವೆಲ್ಲ ಹಬ್ಬಿತು. ಇದಕ್ಕೆ ಕಾರಣಗಳು ಹಲವು. ಅದರಲ್ಲಿ ಒಂದನ್ನು ನಾನು ಮುಖ್ಯ ಎಂದು ಎಣಿಸುತ್ತೇನೆ. ಲೇಮನ್ ಷೇರುದಾರರು ಕಟ್ಟಬೇಕಾದ್ದನ್ನೆಲ್ಲ ಕಟ್ಟಿ ಮುಗಿಸಿದ್ದರು. ನಷ್ಟ ಬಂದಾಗ ಅವರಿಂದ ಕೇಳಿ ಪಡೆಯಲು ಒಂದು ಡಾಲರಿನ ಬಾಕಿ ಕಂತೂ ಇರಲಿಲ್ಲ. ನಷ್ಟ ನೇರವಾಗಿ ಸಾಲ ಕೊಟ್ಟವರ ಮೇಲೆ ಬಿತ್ತು.